ಹನಮಪ್ಪನ ಎಡಗಡಿ ಹೂ

ಡೋಣಿ ಊರಾಗ ಸಾವಕ್ಕನ ದನಿ ಕೇಳಲಾರದ ಮನಿ ಇಲ್ಲ. ಬಾಯಿ ಜೋರು, ಮನಸು ಬೆಣ್ಣಿ ಅಂತ ಮಂದಿ ಅಂತಿದ್ರು. ಬೆಣ್ಣಿ ಕಂಡವರು ಕಡಿಮಿ, ಬಾಯಿ ಕಂಡವರು ಬಾಳ. ಅಂಥಾ ಹೆಣಮಗಳು ವಾರದಿಂದ ಬಾಯಿಗೆ ಬೀಗ ಜಡಕೊಂಡು ಸುಮ್ಮನ ರೊಟ್ಟಿ ಬಡಿಯಾಕ ಹತ್ತಿದ್ಲು ಅಂದ್ರ ಓಣ್ಯಾಗ ಗಾಬರಿ ಆಗದ ಏನಾದೀತು? ಬಾಜು ಮನಿ ಅಲ್ಮಾಸಬಿ ಬಂದು, "ಯಾಕವಾ, ಮೈಯಾಗ ಆರಾಮ ಇಲ್ಲೇನು?" ಅಂತ ಹಣಿ ಮುಟ್ಟಿ ನೋಡಿ ಹೋಗಿದ್ಲು.

ಜಡ್ಡು ಗಿಡ್ಡು ಏನಿರಲಿಲ್ಲ. ಮಗ ಮಿಲಿಟರಿಗೆ ಪಾಸಾಗಿದ್ದ.

ಮಗ ಗವಿಸಿದ್ದೇಶ, ಒಬ್ಬನ ಮಗ, ಇಪ್ಪತ್ತರ ಹುಡುಗ. ಎರಡು ವರ್ಷದಿಂದ ಬೆಳಕು ಹರಿಯೂ ಮುಂಚೆ ಎದ್ದು ಕಪ್ಪತಗುಡ್ಡದ ಹಾದಿ ಹಿಡದು ಓಡತಿದ್ದ. ಆ ಹೊತ್ತಿನಾಗ ಸಾವಕ್ಕ ಎಮ್ಮಿ ಹಿಂಡಾಕ ಕುಂತಿರತಿದ್ಲು. ಮಗ ಓಡತಾನ ಅನ್ನೋದು ಅಕಿಗೆ ಗೊತ್ತಿದ್ದದ್ದು ಬೆವರಿಗೆ ತೊಯ್ದ ಬನೀನು ಒಗಿಯೂ ಮುಂದ ಅಷ್ಟ. ಓಡಲಿ ಬಿಡು, ಮೈ ಗಟ್ಟಿ ಆಕ್ಕೈತಿ ಅಂತ ಸುಮ್ಮನಿದ್ಲು. ಓಡಿ ಓಡಿ ಎಲ್ಲಿಗೆ ಮುಟ್ಟತಾನ ಅನ್ನೋ ವಿಚಾರ ಅಕಿ ತಲಿಗೆ ಬಂದಿರಲಿಲ್ಲ. ಈಗ ಮುಟ್ಟಿದ್ದ. ಓಟದಾಗ ಪಾಸ್, ಪರೀಕ್ಷಾದಾಗ ಪಾಸ್, ಡಾಕ್ಟರ ತಪಾಸಣಿಯೊಳಗೂ ಪಾಸ್. ನಾಕು ವರ್ಷದ ಅಗ್ನಿವೀರ ನೌಕರಿ. ಬರೂ ವಾರ ಹೋಗಿ ಹಾಜರ ಆಗಬೇಕು, ಇಲ್ಲಾಂದ್ರ ಆ ಜಾಗಾ ಮತ್ತೊಬ್ಬರ ಪಾಲು.

ಇಷ್ಟ ಆಗಿದ್ರ ಸಾವಕ್ಕ ಸುಮ್ಮನ ಇರತಿರಲಿಲ್ಲ. ಬೈದು, ಅತ್ತು, ಓಣಿ ಕೂಡಿಸಿ ಮಗನ್ನ ಕಟ್ಟಿ ಹಾಕತಿದ್ಲು. ಆದ್ರ ಹುಡುಗ ಅಕಿ ಬಾಯಿಗೆ ಸಿಗಲಾರದಂಥ ಮಾತು ಆಡಿದ್ದ.

"ಅವ್ವಾ, ನೀ ಹ್ಞೂಂ ಅಂದ್ರ ಹೊಕ್ಕೀನಿ. ಬ್ಯಾಡ ಅಂದ್ರ ಇಲ್ಲೇ ಇರತೀನಿ. ಆಮ್ಯಾಲೆ ಅದರ ಬಗ್ಗೆ ಒಂದ ಮಾತೂ ಎತ್ತಂಗಿಲ್ಲ. ನಿನ್ನಾಣಿ."

ಇದಕ್ಕ ಏನಂತ ಬೈಯೋದು? ಜಗಳಾಡಿ ಹೊಂಟಿದ್ರ ಬೈಯಾಕ ಹಾದಿ ಇರತಿತ್ತು. ತಾ ಬ್ಯಾಡ ಅಂದ್ರ ಮಗ ಖರೇನ ಉಳಿತಾನ, ಜೀವನಪೂರ್ತಿ ಒಂದ ಮಾತೂ ಅನ್ನಂಗಿಲ್ಲ. ಆ ಅನ್ನಲಾರದ ಮಾತ ಅಕಿಗೆ ಹೆದರಿಕಿ. ಹ್ಞೂಂ ಅಂದ್ರ ಮನಿ ಖಾಲಿ. ಎದಿ ಮ್ಯಾಲ ಒಳ್ಳಕಲ್ಲು ಇಟ್ಟಂಗ ಆಗಿತ್ತು.

ಗಂಡ ಸುಭಾಸನ್ನ ಕೇಳಿದ್ರ, ಆ ಮಹಾರಾಯ ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡೋನು. "ಹೋದ್ರೂ ಚಲೋ, ಉಳದ್ರೂ ಚಲೋ," ಅಂದು ಎತ್ತಿಗೆ ನೀರು ಕುಡಿಸಾಕ ಎದ್ದು ಹೋದ.

ಅತ್ತಿ ಅಮೃತವ್ವಂದು ಮಾತ್ರ ಒಂದ ಮಾತು. ಅಕಿ ತಮ್ಮ ಹಿಂದಕ ಮಿಲಿಟರ್ಯಾಗ ಇದ್ದು, ಕೊನಿಗೆ ದೊಡ್ಡ ಮೀಸಿ, ಒಂದು ಕಬ್ಬಿಣದ ಟ್ರಂಕು ತುಗೊಂಡು ಊರಿಗೆ ಬಂದಾಂವ. ತಮ್ಮ ತೀರಿಕೊಂಡ, ಟ್ರಂಕು ಅಕ್ಕನ ಅಟ್ಟ ಸೇರಿತ್ತು. "ನಮ್ಮ ವಂಶಕ್ಕ ಮತ್ತೊಂದು ಮೀಸಿ ಬರಲಿ ಬಿಡವಾ," ಅಂತಿದ್ಲು ಮುದುಕಿ.

"ಮೀಸಿ ಇಲ್ಲೇ ಬಿಟ್ರೂ ಬರತೈತ್ರಿ ಅತ್ತಿ. ಅದಕ್ಕೇನು ಸರಕಾರದ ಗೊಬ್ಬರ ಬೇಕೇನು?" ಅಂತಿದ್ಲು ಸಾವಕ್ಕ.

ಹಿಂಗ ಯಾವುದೂ ಬಗೀಹರಿಯಲಾರದ ಸಾವಕ್ಕ ಹನಮಪ್ಪಗ ಹೂ ಕೇಳೋದು ಅಂತ ಠರಾಯಿಸಿದ್ಲು.

ಗುಡ್ಡದ ಬುಡಕ ಹನಮಪ್ಪನ ಸಣ್ಣ ಗುಡಿ. ಆ ಕಡೆ ಮಂದಿ ಮನಸು ಎರಡಾದಾಗ ಅಲ್ಲಿಗೆ ಹೋಗೋದು ರೂಢಿ. ಪೂಜಾರಿ ತಿರಕಪ್ಪ ಎರಡು ಕಣಗಲ ಹೂ ನೀರಾಗ ಅದ್ದಿ, ದ್ಯಾವ್ರ ಬಲಗಡಿ ಭುಜಕ್ಕೊಂದು, ಎಡಗಡಿ ಭುಜಕ್ಕೊಂದು ಹಚ್ಚತಾನ. ಕೇಳೋರು ತಮ್ಮ ಮಾತು ಮನಸಿನಾಗ ಕೇಳಬೇಕು, ತುಟಿ ಬಿಚ್ಚಬಾರದು. ಬಲಗಡಿ ಹೂ ಮೊದಲ ಬಿದ್ರ ಹೌದು. ಎಡಗಡಿ ಹೂ ಬಿದ್ರ ಅಲ್ಲ. ಬಿದ್ದ ಮ್ಯಾಲೂ ಮನಿ ಹೊಸ್ತಿಲಾ ದಾಟೋತನಕಾ ಏನು ಕೇಳಿದೆ ಅಂತ ಯಾರ ಮುಂದೂ ಹೇಳಬಾರದು.

ಶನಿವಾರ ಮಧ್ಯಾಹ್ನ ಸಾವಕ್ಕ ಯಾರಿಗೂ ಹೇಳದ ಹೋಗಿ ಕೈ ಮುಗದು ಕುಂತು, "ಹನಮಪ್ಪಾ, ನನ್ನ ಮಗ ಮನ್ಯಾಗ ಉಳೀಲೋ ನಮ್ಮಪ್ಪಾ," ಅಂತ ಮನಸಿನಾಗ ಬೇಡಿಕೊಂಡ್ಲು. ಬಲಗಡಿ ಹೂ ಟಪ್ಪಂತ ಬಿತ್ತು. ಅಯ್ ನನ್ನ ಬಂಗಾರದಂಥ ದ್ಯಾವ್ರ! ಆ ಹೂ ಸೆರಗಿನಾಗ ಗಂಟು ಹಾಕೊಂಡು, ವಾರ ಪೂರ್ತಿ ನುಂಗಿದ್ದ ಮಾತೆಲ್ಲಾ ನಾಲಿಗಿ ತುದಿಗೆ ತಂದುಕೊಂಡು, ಹಗುರ ಹೆಜ್ಜಿ ಹಾಕ್ಕೋತ ಮನಿಗೆ ಬಂದ್ಲು.

ಬಂದು ನೋಡಿದ್ರ ಪಡಸಾಲಿ ನಡುವ ಕಬ್ಬಿಣದ ಟ್ರಂಕು. ಅಮೃತವ್ವ ಅದರ ಕೊಂಡಿಗೆ ಎಣ್ಣಿ ಬಿಡಾಕ ಹತ್ತಿದ್ಲು. ಓಣಿ ಹುಡುಗರ ಕೈಯಾಗ ಸಕ್ಕರಿ.

"ಏನಿದು ಅತ್ತಿ?"

"ಮುಂಜಾನಿ ಹೂ ಕೇಳಿ ಬಂದೆ," ಅಂದ್ಲು ಮುದುಕಿ, ಬೊಚ್ಚುಬಾಯಿ ತುಂಬ ನಗಿ. "'ಮೊಮ್ಮಗ ಮಿಲಿಟರಿಗೆ ಹೋಗಲೇನಪ್ಪಾ' ಅಂದೆ. ಬಲಕ್ಕ ಕೊಟ್ಟಾನ!"

ಸಾವಕ್ಕ ಸೆರಗಿನ ಗಂಟು ಬಿಚ್ಚಿದ್ಲು. "ನನಗೂ ಬಲಕ್ಕ ಕೊಟ್ಟಾನ್ರಿ. ಉಳೀಲಿ ಅಂತ ಕೇಳಿದ್ದಕ್ಕ!"

ಅತ್ತಿ ಸೊಸಿ ಇಬ್ರೂ ಒಬ್ಬರ ಮಾರಿ ಒಬ್ಬರು ನೋಡಿಕೋತ ನಿಂತ್ರು. ಗವಿಸಿದ್ದೇಶ ಬಾಗಲದಾಗ ನಿಂತು ಮೊದಲ ಇಕಿ ಕಡೆ, ಆಮ್ಯಾಲ ಅಕಿ ಕಡೆ ನೋಡಿದ. ಸುಭಾಸ ಮಾತ್ರ ಖುಷಿಯಾದ. "ನೋಡ್ರಿ, ನಾ ಹೇಳಿದ್ದ ಹನಮಪ್ಪನೂ ಹೇಳ್ಯಾನ. ಹೋದ್ರೂ ಚಲೋ, ಉಳದ್ರೂ ಚಲೋ."

"ನಿಮ್ಮ ಬಾಯಾಗ ಮಣ್ಣ ಹಾಕ!" ಅಂತ ಸಾವಕ್ಕ ಚೀರಿದ್ದಕ್ಕ, ಬಾಜು ಮನ್ಯಾಗ ಅಲ್ಮಾಸಬಿ, "ಆತು, ಸಾವಕ್ಕ ಆರಾಮ ಆದ್ಲು," ಅಂತ ನೆಮ್ಮದಿ ಆದ್ಲಂತ.

ಮರುದಿನ ಮುಂಜಾನಿ ಇಡೀ ಮನಿಗೆ ಮನೀನ ಬುತ್ತಿ ಕಟ್ಟಿಕೊಂಡು ಗುಡಿಗೆ ಹೊಂಟಿತು. ತಿರಕಪ್ಪನ್ನ ನಿಲ್ಲಿಸಿ ಕೇಳೋದ ಅಂತ ಸಾವಕ್ಕ ಸೊಂಟಕ್ಕ ಸೆರಗು ಸಿಗಿಸಿದ್ಲು.

"ಏನಣ್ಣಾ, ನಿಮ್ಮ ದ್ಯಾವ್ರ ಅತ್ತಿಗೊಂದು ಹೇಳತಾನ, ಸೊಸಿಗೊಂದು ಹೇಳತಾನ. ಓಟು ಕೇಳಾಕ ನಿಂತಾನೇನು?"

ತಿರಕಪ್ಪ ಬಾಳ ಸಮಾಧಾನದ ಮನಿಷಾ. ಎಲ್ಲಾ ಕೇಳಿಕೊಂಡು, ನಕ್ಕು, ಗಂಧದ ಕೈ ಒರಿಸಿಕೊಂಡ. "ತಂಗಿ, ಹೋಗಾಂವ ಯಾರು? ಹುಡುಗ. ಕೇಳಿದವರು ಯಾರು? ನೀವು. ಇನ್ನೊಬ್ಬರ ಮಾತು ನೀವು ಕೇಳಿದ್ರ, ಪಾಪ, ಹನಮಪ್ಪ ನಿಮ್ಮ ಮಾರಿ ನೋಡಿ ಹ್ಞೂಂ ಅಂದಾನ. ಹುಡುಗನ ಮಾತು ಹುಡುಗನ ಕೇಳಲಿ. ಈ ಸಲ ಬಂದದ್ದ ಅಪ್ಪಣಿ. ಆಮ್ಯಾಲ ಯಾರೂ ತಕರಾರ ಮಾಡಂಗಿಲ್ಲ."

"ಮಾಡಂಗಿಲ್ಲ," ಅಂದ್ಲು ಅಮೃತವ್ವ.

ಸಾವಕ್ಕಗ ಮನಸಿರಲಿಲ್ಲ. ಆದ್ರೂ, "ಮಾಡಂಗಿಲ್ಲ," ಅಂದ್ಲು.

ಮುದುಕಿ ಮೊಮ್ಮಗನ ತೋಳು ಹಿಡದು ಬಾಜುಕ ಕರಕೊಂಡು, ಎಲ್ಲಾರಿಗೂ ಕೇಳೂವಂಗ ಗುಟ್ಟು ಹೇಳಿದ್ಲು: "ಬಲಕ್ಕ ಬಂದ್ರ ಹೋಗೋದು, ಎಡಕ್ಕ ಬಂದ್ರ ಉಳಿಯೋದು. ತಿಳೀತಿಲ್ಲೋ?"

"ಹ್ಞೂಂ ಆಯಿ," ಅಂದ ಗವಿಸಿದ್ದೇಶ. ಸಿಂಧೂರ ಮೆತ್ತಿದ ಹನಮಪ್ಪನ ಮುಂದ ಹೋಗಿ ಕುಂತ. ತಿರಕಪ್ಪ ಹೂ ಹಚ್ಚಿದ. ಹುಡುಗ ಕಣ್ಣು ಮುಚ್ಚಿದ. ಒಂದು ಗಳಿಗಿ ಅವನ ಮಾರಿ ಸಣ್ಣಾಂವ ಇದ್ದಾಗ ಸೂಜಿ ಮಾಡಿಸಾಕ ಕುಂದರಿಸಿದಾಗ ಆಗತಿತ್ತಲ್ಲ, ಹಂಗ ಆತು. ಆಮ್ಯಾಲ ಕಣ್ಣ ತಗದ. ಕೇಳಿ ಆಗಿತ್ತು.

ಹೂ ಬೀಳಲಿಲ್ಲ.

ಅವತ್ತು ಗಾಳಿ ಅನ್ನೋದು ಸತ್ತು ಹೋಗಿತ್ತು. ಕಪ್ಪತಗುಡ್ಡದ ಮ್ಯಾಲ ಕರೆಂಟಿಗೆ ಅಂತ ನಿಲ್ಲಿಸಿದ ದೊಡ್ಡ ದೊಡ್ಡ ಗಾಳಿ ಫ್ಯಾನು, ಯಾವಾಗಲೂ ಗರಗರ ತಿರಗೂವಂಥವು, ಒಂದೂ ಅಳ್ಳಾಡಲಿಲ್ಲ. ಬಿಸಲು ಏರಿತು. ತಿರಕಪ್ಪ, "ಬೀಳೋತನಕಾ ಕುಂಡ್ರಿ, ನಾ ಉಂಡು ಬರತೀನಿ," ಅಂತ ಮನಿಗೆ ಹೋದ. ಇವ್ರೂ ಬುತ್ತಿ ಬಿಚ್ಚಿದ್ರು. ಖಡಕ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮಸರು. ಹೊಟ್ಟಿ ತುಂಬಿದ ಮ್ಯಾಲೆ ಸುಭಾಸ ಗುಡಿ ಕಟ್ಟಿ ಮ್ಯಾಲ ಟಾವೆಲ್ಲ ಹಾಸಿ ಅಡ್ಡಾದ. ಗೊರಕಿ ಸುರು ಆತು. ಅಮೃತವ್ವ, "ನಾ ಎಚ್ಚರನ ಅದೀನಿ," ಅನಕೋತ ಅನಕೋತ ಕಂಬಕ್ಕ ಒರಗಿ ಮಲಗಿಬಿಟ್ಲು.

ಗವಿಸಿದ್ದೇಶಗ ಕುಂಡ್ರಾಕ ಆಗವಲ್ದು. "ಅವ್ವಾ, ಕಾಲು ಜೋಮು ಹಿಡದಾವು. ಒಂದ ಸುತ್ತ ಓಡಿ ಬರತೀನಿ. ನೀ ಹೂವಿನ ಮ್ಯಾಲ ಕಣ್ಣ ಇಡು."

"ಉಂಡ ಹೊಟ್ಟೀಲೆ ಓಡತಾರೇನೋ ಹುಚ್ಚ ಖೋಡಿ?"

ಅಂವ ಆಗಲೇ ಚಪ್ಪಲಿ ಬಿಟ್ಟು ಬರಿಗಾಲೀಲೆ ಇಳದಿದ್ದ.

ಗುಡಿ ಮುಂದಿಂದ ಕೆಂಪು ಮಣ್ಣಿನ ಹಾದಿ ಗುಡ್ಡದ ಸೊಂಟ ಸುತ್ತಿಕೊಂಡು ಏರಿ ಹೊಕ್ಕೈತಿ. ಸಾವಕ್ಕ ಮೊದಲ ಒಂದ ಕಣ್ಣು ಹೂವಿನ ಮ್ಯಾಲ, ಒಂದ ಕಣ್ಣು ಮಗನ ಮ್ಯಾಲ ಇಟ್ಟಿದ್ಲು. ಸ್ವಲ್ಪ ಹೊತ್ತಿಗೆ ಎರಡೂ ಕಣ್ಣು ಮಗನ ಮ್ಯಾಲ ಹೋದವು.

ಎರಡು ವರ್ಷ ಅಂವ ಓಡಿದ್ದ. ಅಕಿ ನೋಡಿದ್ದು ಇದ ಮೊದಲು.

ಮನ್ಯಾಗ ಆ ಹುಡುಗ ಹೆಂಗಂದ್ರ, ಕುಂತಲ್ಲಿ ಕುಂತಾಂವ, ನಿಂತಲ್ಲಿ ನಿಂತಾಂವ. ಕರದ್ರ ಒಂದ ಸಲಕ್ಕ ಓ ಅನ್ನಲಾರದಾಂವ. ಹೊಲದಾಗ ಎಡಿ ಹೊಡಿಯಾಕ ಹೋದ್ರ ಎತ್ತಿನಕಿಂತ ಮೊದಲ ದಣಿಯೋನು. ಇಲ್ಲಿ ನೋಡಿದ್ರ ಬ್ಯಾರೆ ಯಾರೋ ಓಡಿದಂಗ ಇತ್ತು. ನೆಲಾ ಅವನ್ನ ಎತ್ತಿ ಎತ್ತಿ ಮುಂದಕ ಒಗಿಯಾಕ ಹತ್ತಿತ್ತು. ಏರು ಬಂದ್ರೂ ದಮ್ಮ ಹತ್ತಂಗಿಲ್ಲ, ತಿರುವು ಬಂದ್ರೂ ತಡಿಯೋದಿಲ್ಲ. ಮ್ಯಾಲ ಹೋಗಿ ಹೊಳ್ಳಿ ಕೆಳಗ ಇಳಿಯೂ ಮುಂದ ಎರಡೂ ಕೈ ಅಗಲ ಮಾಡಿ, ಯಾರೂ ಇಲ್ಲ ಅಂತ ತಿಳಕೊಂಡು, ಒಬ್ಬನ ನಗಾಕ ಹತ್ತಿದ್ದ. ಮಗನ ಆ ನಗಿ ಸಾವಕ್ಕ ಅವನ ತೊಟ್ಟಿಲದಾಗ ನೋಡಿದ್ಲು. ಆಮ್ಯಾಲ ಎಲ್ಲಿ ಹೋಗಿತ್ತೋ ಅಂತ ಅಕಿ ಕೇಳಿರಲೂ ಇಲ್ಲ.

"ಅಯ್ ಶಿವನ," ಅಂದ್ಲು ತನ್ನಷ್ಟಕ್ಕ. "ಇದನ್ನ ನಾ ಎಮ್ಮಿ ಹಿಂಡಿಕೋತ ಕಳಕೊಂಡೆ ಅಲ್ಲ!"

ಕಣ್ಣಾಗ ನೀರು ಬಂತು. ಅವು ದುಃಖದವು ಅಲ್ಲ, ಅದಂತೂ ಅಕಿಗೆ ಗೊತ್ತಿತ್ತು.

ಅದ ಹೊತ್ತಿಗೆ ಗುಡ್ಡದ ಮ್ಯಾಲಿಂದ ಒಂದು ಸುಳಿಗಾಳಿ ಇಳೀತು. ಫ್ಯಾನು ಒಂದೊಂದ ಮೈ ಮುರದವು. ಗುಡಿಯೊಳಗ ಟಪ್ ಅಂತ ಸಪ್ಪಳ.

ಸಾವಕ್ಕ ತಿರುಗಿ ನೋಡಿದ್ಲು. ಎಡಗಡಿ ಹೂ ಬಿದ್ದಿತ್ತು.

ನಿನ್ನೆ ಆಗಿದ್ರ ಅಕಿ ಗಂಟಿ ಬಾರಿಸಿ ಊರು ಎಬ್ಬಿಸತಿದ್ಲು. ಎಡಕ್ಕ ಅಂದ್ರ ಉಳಿಯೋದು. ಮಗ ತನ್ನ ಮನ್ಯಾಗ, ತನ್ನ ಕಣ್ಣ ಮುಂದ. ಯಾರೂ ತಕರಾರ ಮಾಡಂಗಿಲ್ಲ. ಆದ್ರ ಈಗ ಅಕಿ ಕೈ ಗಂಟಿಗೆ ಹೋಗಲಿಲ್ಲ. ಹೊರಗ ನೋಡಿದ್ರ ಮಗ ಇನ್ನೂ ಇಳಕಲದಾಗ ಇದ್ದ, ಕೈ ಅಗಲ ಮಾಡಿಕೊಂಡು. ಗಂಡ ಗೊರಕಿ ಹೊಡಿಯಾಕ ಹತ್ತಿದ್ದ. ಅತ್ತಿ ಬಾಯಿ ತಕ್ಕೊಂಡು ಮಲಗಿದ್ಲು.

"ತಪ್ಪಾತು ನಮ್ಮಪ್ಪಾ," ಅಂದ್ಲು ಸಾವಕ್ಕ ಹನಮಪ್ಪಗ. "ನೀನೂ ನಮ್ಮಂಗ ಮಂದಿ ಮಾತು ಕೇಳಿ ಕೆಟ್ಟಿ. ಅಂವ ಓಡೋದು ನೀ ನೋಡಿಲ್ಲ, ನಾ ನೋಡೀನಿ."

ಅಂದವಳ, ತಂಬಿಗಿ ನೀರಾಗ ಎಡಗಡಿ ಹೂ ಅದ್ದಿ ದ್ಯಾವ್ರ ಭುಜಕ್ಕ ಮತ್ತ ಹಚ್ಚಿದ್ಲು. ಬಲಗಡಿದು ಕಿತ್ತು ಕೆಳಗ ಇಟ್ಲು. ಬೆರಳಿಗೆ ಹತ್ತಿದ ಸಿಂಧೂರ ಸೀರಿಗೆ ಒರಿಸಿಕೊಂಡು, ಏನೂ ಅರೀದ ಕೂಸಿನಂಗ ಬಂದು ಬಾಗಲದಾಗ ಕುಂತ್ಲು.

ಗವಿಸಿದ್ದೇಶ ಏದುಸಿರು ಬಿಟ್ಟಗೋತ ಬಂದು ಒಳಗ ಇಣಕಿದ. ಬಲಗಡಿ ಹೂ ಕೆಳಗ ಬಿದ್ದದ್ದು ನೋಡಿದ. ಕೈ ಮುಗದ. ಅಷ್ಟೊತ್ತಿಗೆ ಎದ್ದ ಅಮೃತವ್ವ, "ಬಲಕ್ಕ! ಬಲಕ್ಕ! ನಾ ಅಂದಿದ್ದಿಲ್ಲ?" ಅಂತ ನಿಂತಲ್ಲೇ ಕುಣಿದ್ಲು. ಉಂಡು ಬಂದ ತಿರಕಪ್ಪ ಆ ಹೂ ಎತ್ತಿ ಹುಡುಗನ ಕೈಯಾಗ ಕೊಟ್ಟ. "ಅಪ್ಪಣಿ ಆತು. ಹೊಸ್ತಿಲಾ ದಾಟೋತನಕಾ ಮಾತಿಲ್ಲ."

ಹಾದಿ ತುಂಬ ಅಂವ ತಲಿ ತಗ್ಗಿಸಿಕೊಂಡ ನಡದ. ಊರು ಬಿಡೋದು ಅಂದ್ರ ಹಂಗ ಆಕ್ಕೈತಿ ಬಿಡು, ಎಳೇ ಜೀವ ಅಂತ ಸಾವಕ್ಕ ಅನಕೊಂಡ್ಲು. ಮನಿ ಮುಟ್ಟಿದ್ರು. ಹೊಸ್ತಿಲಾ ದಾಟಿದ್ರು. ಪಡಸಾಲ್ಯಾಗ ಟ್ರಂಕು ಕಾಯಕೋತ ಕುಂತಿತ್ತು.

"ಹೋಗಪ್ಪಾ," ಅಂದ್ಲು ಸಾವಕ್ಕ. ದನಿ ಅಕಿದ ಅಂತ ಅಕಿಗೇ ಅನಿಸಲಿಲ್ಲ. "ಹನಮಪ್ಪನ ಹೋಗು ಅಂದಾನ. ನಂದೂ ಹ್ಞೂಂ ಐತಿ."

ಗವಿಸಿದ್ದೇಶ ಅವ್ವನ ಮಾರಿ ನೋಡಿದ. "ಎಲ್ಲಿಗವಾ? ಅಂವ ಉಳಿ ಅಂದಾನ."

"ಬಲಕ್ಕ ಬಿದ್ದೈತೆಲ್ಲೋ!" ಅಂದ್ಲು ಅಮೃತವ್ವ.

"ಆಯಿ, ನೀ ಹೇಳಿದಂಗ ಕೇಳಬೇಕಂತನ ಕುಂತಿದ್ದೆ. ಆದ್ರ ಅವ್ವ ಹಿಂದ ಕುಂತಿದ್ಲು. ಅವ್ವನ್ನ ಬಿಟ್ಟು ಹೋಗಲೇನು ಅಂತ ಕೇಳಾಕ ಬಾಯಿ ಬರಲಿಲ್ಲ. 'ಅವ್ವನ ಹತ್ರ ಉಳೀಲೇನಪ್ಪಾ' ಅಂತ ಕೇಳಿದೆ. ಬಲಕ್ಕ ಕೊಟ್ಟ. ಉಳೀತೀನಿ." ಇಷ್ಟಂದು ನಗಾಕ ನೋಡಿದ. ಆ ನಗಿ ಗುಡ್ಡದ ಮ್ಯಾಲಿನ ನಗಿ ಆಗಿರಲಿಲ್ಲ. "ಚಲೋನ ಆತು ಬಿಡವಾ. ನಿನ್ನ ಆಶಾನೂ ಅದ ಇತ್ತಲ್ಲ."

ಅಮೃತವ್ವ ಟ್ರಂಕಿನ ಮ್ಯಾಲ ಕುಕ್ಕರಿಸಿದ್ಲು.

ಸಾವಕ್ಕ ನಿಂತಲ್ಲೇ ನಿಂತ್ಲು. ಕೈ ಮುಗದು ಬೇಡಿದ್ದು, ಸೆರಗಿನಾಗ ಗಂಟು ಹಾಕೊಂಡು ತಂದದ್ದು, ಈಗ ತಾನ ನಡಕೊಂಡು ಬಂದು ಮಡಲಿಗೆ ಬಿದ್ದಿತ್ತು. ತುಟಿ ಮುಚ್ಚಿಕೊಂಡ್ರ ಸಾಕು. ಮಗ ಮನ್ಯಾಗ. ಸುಗ್ಗಿಗೆ ಮನ್ಯಾಗ, ದೀಪಾವಳಿಗೆ ಮನ್ಯಾಗ, ನಾಳೆ ಸೊಸಿ ಬಂದ ಮ್ಯಾಲೂ ಮನ್ಯಾಗ. ಹೂ ಅದಲು ಬದಲು ಆದದ್ದು ಇಬ್ಬರಿಗಷ್ಟ ಗೊತ್ತು. ಅದರಾಗ ಒಬ್ಬ ಕಲ್ಲಿನಾಂವ, ಹೇಳಾಂವಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಅಂತ ಹಿರೇರು ಸುಮ್ಮನ ಹೇಳ್ಯಾರೇನು?

ಬಂಗಾರ ಅಕಿಗೆ ಯಾವತ್ತೂ ಒಗ್ಗಿದ್ದಿಲ್ಲ.

"ಏ ಗವ್ಯಾ," ಅಂದ್ಲು. "ಹೂ ಎಡಕ್ಕ ಬಿದ್ದಿತ್ತು."

"ಏನು?"

"ಎಡಕ್ಕ ಬಿದ್ದಿತ್ತಂದೆ! ಎಷ್ಟ ಸಲ ಹೇಳಬೇಕು? ಆಯಿ ಹೇಳಿದಂಗನ ಕೇಳಿರತಿ, ಎಡಕ್ಕಂದ್ರ ಉಳಿಯೋದು ಅಂತ ನಾ ತಿಳಕೊಂಡೆ. ಅದಕ್ಕ ಅದನ್ನ ಎತ್ತಿ ಮತ್ತ ಹಚ್ಚಿ, ಬಲಗಡಿದು ಕಿತ್ತಿಟ್ಟೆ." ಸೀರಿ ಮ್ಯಾಗಿನ ಸಿಂಧೂರ ತೋರಿಸಿದ್ಲು. "ನೋಡು, ಖರೆ ಸುಳ್ಳು ನೋಡಿಕೋ."

"ದ್ಯಾವ್ರ ಹೂ ಕಿತ್ತೆಲ್ಲೇ ಸಾವಕ್ಕಾ!" ಅಂತ ಅಮೃತವ್ವ ಗಲ್ಲ ಗಲ್ಲ ಬಡಕೊಂಡ್ಲು. ಬಡಕೋತ ಬಡಕೋತ ಲೆಕ್ಕ ತಿಳದು ಕೈ ನಿಂತವು. "ಹಂಗಾರ... ಉಳೀಲೇನು ಅಂತ ಇಂವ ಕೇಳ್ಯಾನ, ಎಡಕ್ಕ ಕೊಟ್ಟಾನ. ಅಂದ್ರ ಉಳಿಯೋದು ಬ್ಯಾಡ ಅಂತನ ಅಂದಾನಲ್ಲ!"

"ಹೋಗೋದ ಚಲೋ," ಅಂದ ಸುಭಾಸ. ಲಗ್ನ ಆದಾಗಿಂದ ಆ ಮನಿಷಾ ಒಂದ ಕಡೆ ನಿಂತು ಮಾತಾಡಿದ್ದು ಅದ ಮೊದಲು. ಹೇಳಿ ಹಿಂದ ತಿರುಗಿ ಕಣ್ಣ ಒರಿಸಿಕೊಂಡ.

ಗವಿಸಿದ್ದೇಶ ಮಾತ್ರ ಅವ್ವನ ಕಡೆ ನೋಡಿಕೋತ ನಿಂತಿದ್ದ. "ನಾ ಉಳೀಲಿ ಅಂತ ಹೂ ಕೇಳಿದಾಕಿ ನೀನು. ಉಳಿಯೂ ಹೂ ಬಿದ್ದೈತಿ ಅಂತ ತಿಳದೂ ಅದನ್ನ ಯಾಕ ಬದಲಾಯಿಸಿದೆವಾ?"

"ನೀ ಓಡೋದು ನೋಡಿದೆ," ಅಂದ್ಲು ಸಾವಕ್ಕ. ಮುಂದ ಮಾತು ಬರಲಿಲ್ಲ. ಮಾತು ಬರಲಿಲ್ಲ ಅಂತ ಅಕಿಗೇ ಸಿಟ್ಟು ಬಂತು. "ನಿಂತೀಯೇನು ಗೂಟದಂಗ? ಹಿಟ್ಟಿನ ಡಬ್ಬಿ ಇಳಿಸು. ಈ ಟ್ರಂಕು ತುಂಬ ಖಡಕ ರೊಟ್ಟಿ ಬಡೀಬೇಕಂದ್ರ ಇವತ್ತಿಂದನ ಕುಂಡ್ರಬೇಕು. ಅಲ್ಲಿ ಏನು ಹಾಕತಾರೋ ಏನೋ!"

ಹುಡುಗ ಡಬ್ಬಿ ಇಳಿಸಲಿಲ್ಲ. ಅವ್ವನ್ನ ಎತ್ತಿಕೊಂಡು ಪಡಸಾಲಿ ತುಂಬ ಗರಗರ ತಿರುಗಿಸಿದ. "ಇಳಿಸೋ ಭಾಡ್ಯಾ, ಇಳಿಸೋ!" ಅಂತ ಅಕಿ ಒದರಿದ್ದು ಊರ ಅಗಸಿ ಬಾಗಲತನಕಾ ಕೇಳಿತು.

ಮರುದಿನ ಬೆಳಕು ಹರಿಯೂ ಮುಂಚೆ ಎಮ್ಮಿ ಒದರಾಕ ಹತ್ತಿತು. ಸಾವಕ್ಕ ಬರಲಿಲ್ಲ. ಕೊನಿಗೆ ಸುಭಾಸ ಎದ್ದು ಹಿಂಡಾಕ ಕುಂತು, ಒಂದು ಒದಿಕಿ ತಿಂದು, ಹೆಂಡತೀನ್ನ ಹುಡಿಕಿಕೋತ ಹೊರಗ ಬಂದ. ಅಕಿ ಅಗಸಿ ಕಟ್ಟಿ ಮ್ಯಾಲ ಕಂಬಳಿ ಹೊತ್ತು ಕುಂತಿದ್ಲು. ಗುಡ್ಡದ ಹಾದಿ ಇನ್ನೂ ಮಬ್ಬ ಇತ್ತು, ಅದರಾಗ ಒಂದು ಬಿಳೇ ಬನೀನು ಏರಕೋತ ಹೊಂಟಿತ್ತು.

"ಎಮ್ಮಿ ಹಿಂಡಂಗಿಲ್ಲೇನು?" ಅಂದ ಸುಭಾಸ.

"ನೀವ ಹಿಂಡ್ರಿ," ಅಂದ್ಲು ಸಾವಕ್ಕ, ಕಣ್ಣು ಹೊಳ್ಳಸದನ. "ಇನ್ನ ನಾಕ ದಿನ ನನಗ ಕೆಲಸ ಐತಿ."